ಖಾಲಿ ಕುಂಡದ ಆರ್ಕಿಡ್

ನಮ್ಮ ಟೆರೇಸಿನಲ್ಲಿ ಒಂದು ಕುಂಡ ಇದೆ. ಡಿಸೆಂಬರಿನಿಂದ ಮೇ ತನಕ ಅದರಲ್ಲಿ ಬರೀ ಮಣ್ಣು. ಬಂದವರೆಲ್ಲ "ಸುಮ್ನೆ ಯಾಕೆ ಖಾಲಿ ಬಿಟ್ಟಿದ್ದೀರಿ?" ಎಂದು ಕೇಳುತ್ತಾರೆ. ಒಳಗೆ ಆರ್ಕಿಡ್ ಮಲಗಿದೆ ಅಂದರೆ ಒಂದು ಸಲ ಕುಂಡ ನೋಡುತ್ತಾರೆ, ಒಂದು ಸಲ ನನ್ನ ಮುಖ ನೋಡುತ್ತಾರೆ.

ಈ ಹುಚ್ಚು ಹತ್ತಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ತಂಗಿಯಿಂದ. ಒಂದು ಸೆಪ್ಟೆಂಬರಿನಲ್ಲಿ, ಅಂದರೆ ಅಲ್ಲಿಯ ವಸಂತದಲ್ಲಿ, ವಾಟ್ಸಾಪ್‌ಗೆ ಒಂದು ಫೋಟೋ ಹಾಕಿದಳು. ನೆಲದಿಂದ ಎದ್ದ ಒಂದು ಸಪೂರ ಕಡ್ಡಿ, ಮೈತುಂಬ ನವಿರು ಕೂದಲು, ಬುಡದಲ್ಲಿ ಒಂದೇ ಒಂದು ಎಲೆ. ತುದಿಯಲ್ಲಿ ಐದು ಉದ್ದ ಕಾಲು ಚಾಚಿಕೊಂಡ ಬಿಳಿ ಜೇಡ. ಸ್ಪೈಡರ್ ಆರ್ಕಿಡ್ ಅಂತೆ. ಕ್ಯಾಲಡೀನಿಯಾ ಅನ್ನುವ ಕುಲ, 1810ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಹೆಸರಿಟ್ಟಿದ್ದು. "ಬರುವಾಗ ನನಗೂ ಒಂದು ಗೆಡ್ಡೆ ತಾರೇ" ಅಂದೆ. "ಅಣ್ಣಾ, ಏರ್‌ಪೋರ್ಟಲ್ಲಿ ನನ್ನನ್ನೇ ಹಿಡ್ಕೋತಾರೆ" ಅಂದಳು. ಅವಳು ಹೇಳಿದ್ದು ಸರಿಯೇ. ಕಾಡಿನ ಗಿಡ ಕೀಳುವುದಕ್ಕೂ ಪರ್ಮಿಟ್ ಬೇಕು, ದೇಶ ದಾಟಿಸುವುದಕ್ಕೂ ಬೇಕು.

ಇಲ್ಲೇ ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ ವಿಚಾರಿಸಿದೆ. ಒಬ್ಬರು ತೂಗುಬುಟ್ಟಿಯಲ್ಲಿದ್ದ ಬ್ರಾಸಿಯಾ ತೋರಿಸಿದರು. ಅದಕ್ಕೂ ಸ್ಪೈಡರ್ ಅಂತಲೇ ಹೆಸರು, ಆದರೆ ಅದು ಮರ ಹತ್ತುವ ಜಾತಿ, ನನಗೆ ಬೇಕಾಗಿದ್ದು ನೆಲದ್ದು. "ಅದ್ಯಾಕೆ ಸಾರ್, ಇದು ನೋಡಿ, ಎರಡು ಮೂರು ತಿಂಗಳು ಹೂ ನಿಲ್ಲುತ್ತೆ" ಎಂದು ಫೆಲನಾಪ್ಸಿಸ್ ಅನ್ನುವ ಇನ್ನೊಂದು ಆರ್ಕಿಡ್ ಕಡೆ ಕೈ ತೋರಿಸಿದರು. ಅವರ ಮಾತಲ್ಲಿ ನ್ಯಾಯ ಇತ್ತು.

ಆದರೆ ಈ ಜೇಡನ ಕತೆ ಓದಿದ ಮೇಲೆ ಬೇರೆ ಆರ್ಕಿಡ್ ಸಪ್ಪೆ ಅನ್ನಿಸುತ್ತದೆ. ಅಲ್ಲಿ ಒಂದು ಬಗೆಯ ಕಣಜ ಇದೆ, ಹೆಣ್ಣಿಗೆ ರೆಕ್ಕೆ ಇಲ್ಲ. ಅದು ಹುಲ್ಲಿನ ತುದಿಗೆ ಹತ್ತಿ ಕೂತು ವಾಸನೆ ಬಿಡುತ್ತದೆ, ಗಂಡು ಹಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಕೆಲವು ಸ್ಪೈಡರ್ ಆರ್ಕಿಡ್‌ಗಳು ಅದೇ ವಾಸನೆಯನ್ನು ನಕಲು ಮಾಡುತ್ತವೆ. ಹೂವಿನ ತುಟಿಯ ಮೇಲೆ ಹೆಣ್ಣು ಕಣಜದ ಮೈಯಂತೆ ಕಾಣುವ ಕಪ್ಪು ಗಂಟುಗಳು ಬೇರೆ! ಗಂಡು ಬರುತ್ತದೆ, ತಬ್ಬುತ್ತದೆ, ಬೆನ್ನಿಗೆ ಪರಾಗ ಅಂಟಿಸಿಕೊಂಡು ಹೋಗಿ ಇನ್ನೊಂದು ಹೂವಿನಲ್ಲಿ ಮತ್ತೆ ಮೋಸ ಹೋಗುತ್ತದೆ. ಒಂದು ತೊಟ್ಟು ಮಕರಂದವೂ ಸಿಗುವುದಿಲ್ಲ, ಪಾಪ.

ಬೆಳೆಸುವುದು ಕಷ್ಟ. ಆರ್ಕಿಡ್ ಬೀಜ ಅಂದರೆ ಧೂಳು, ಬುತ್ತಿ ಕಟ್ಟಿಕೊಳ್ಳದೆ ಊರು ಬಿಟ್ಟ ಹುಡುಗನ ಹಾಗೆ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಊಟ ಹಾಕಿದರಷ್ಟೇ ಮೊಳಕೆ. ಇದನ್ನು 1899ರಲ್ಲಿ ನೊಯೆಲ್ ಬರ್ನಾರ್ ಎಂಬ ಫ್ರೆಂಚ್ ವಿಜ್ಞಾನಿ ಕಂಡುಹಿಡಿದರು. ಅದಕ್ಕೇ ಅಲ್ಲಿಯ ಬೆಳೆಗಾರರು ಬೀಜವನ್ನು ತಾಯಿಗಿಡದ ಕುಂಡಕ್ಕೇ ಉದುರಿಸುತ್ತಾರೆ. ಮಣ್ಣು ಬದಲಿಸುವಾಗ ಹಳೆಯದರಲ್ಲಿ ಒಂದು ಹಿಡಿ ಉಳಿಸಿ ಹೊಸದಕ್ಕೆ ಬೆರೆಸುತ್ತಾರೆ, ನಮ್ಮಲ್ಲಿ ಹಾಲಿಗೆ ಹೆಪ್ಪು ಹಾಕುವ ಹಾಗೆ. ಗೊಬ್ಬರ ಇಲ್ಲವೆನ್ನುವಷ್ಟು ಕಡಿಮೆ. ದಪ್ಪ ಮರಳು, ತರಗೆಲೆ ಜಾಸ್ತಿ, ನೀರು ನಿಲ್ಲಬಾರದು. ಎಲೆ ಹಳದಿಯಾದ ಮೇಲೆ ನೀರು ಬಂದ್.

ತಮಾಷೆ ಏನೆಂದರೆ, ಅದರ ಕ್ಯಾಲೆಂಡರ್ ನಮ್ಮ ಊರಿಗೂ ಹೊಂದುತ್ತದೆ. ಅಲ್ಲಿ ಏಪ್ರಿಲ್-ಮೇನಲ್ಲಿ ಮಳೆ ಹಿಡಿದಾಗ ಎಲೆ ಏಳುತ್ತದೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಗೆಡ್ಡೆ ಒಣಮಣ್ಣಿನಲ್ಲಿ ನಿದ್ದೆ. ಬೆಂಗಳೂರಿನ ಮಳೆಯೂ ಹೆಚ್ಚುಕಡಿಮೆ ಹಾಗೇ ಅಲ್ವಾ? ಎಡವಟ್ಟಾಗುವುದು ಚಳಿಯಲ್ಲಿ. ಜುಲೈ ರಾತ್ರಿ ಪರ್ತ್‌ನಲ್ಲಿ 8 ಡಿಗ್ರಿ ಆಸುಪಾಸು, ನಮ್ಮಲ್ಲಿ 20ರ ಹತ್ತಿರ.

ಕೊನೆಗೆ ಮಲೆನಾಡಿನ ಗೆಳೆಯನ ಅಂಗಳದ ಕುಂಡದಿಂದ ಹಬೆನೇರಿಯಾ ಅನ್ನುವ ಆರ್ಕಿಡ್‌ನ ಒಂದು ಗೆಡ್ಡೆ ಬಂತು. ಮರದ ಮೇಲಿನ ಸೀತಾಳೆ ದಂಡೆ ಎಲ್ಲರಿಗೂ ಗೊತ್ತು. ಇದು ನೆಲದ್ದು, ಬಿಳಿ ಹೂವಿನ ತುಟಿ ದಾರ ದಾರವಾಗಿ ಸೀಳಿರುತ್ತದೆ. ಪರ್ತ್‌ನ ಜೇಡನಿಗೆ ದೂರದ ನೆಂಟ ಅನ್ನಬಹುದು. ಮಳೆಗೆ ಏಳುವುದು, ಬೇಸಿಗೆಗೆ ಮಲಗುವುದು, ಎಲ್ಲ ಅದೇ ರೀತಿ.

ಮೊದಲ ವರ್ಷ ಮಾರ್ಚ್‌ನಲ್ಲಿ ಅಮ್ಮ ಖಾಲಿ ಕುಂಡ ನೋಡಿ, "ಅಯ್ಯೋ, ಮಣ್ಣು ಬಿರುಕು ಬಿಟ್ಟಿದೆ" ಎಂದು ದಿನಾ ಅಕ್ಕಿ ತೊಳೆದ ನೀರು ಹಾಕಿದರು. ಜೂನ್ ಕಳೆದರೂ ಏನೂ ಏಳದಾಗ ಕೆದಕಿ ನೋಡಿದೆ. ಬೆರಳಿಗೆ ಸಿಕ್ಕಿದ್ದು ಕೊಳೆತ ಈರುಳ್ಳಿಯಂಥ ಒಂದು ಸಿಪ್ಪೆ. ಗೆಳೆಯ ಇನ್ನೊಂದು ಗೆಡ್ಡೆ ಕೊಟ್ಟ. ಮರುವರ್ಷ ನೀರು ಹಾಕಬೇಡಿ ಎಂದು ಬೋರ್ಡು ಬರೆದಿಟ್ಟೆ. ಅಮ್ಮ ನೀರು ಹಾಕಲಿಲ್ಲ. ಮಳೆ ಬಿದ್ದ ವಾರಕ್ಕೆ ಕುಂಡದ ತುಂಬ ಮೆಂತ್ಯ ಎದ್ದಿತು. "ಜಾಗ ಯಾಕೆ ದಂಡ ಅಂತ ಒಂದು ಹಿಡಿ ಚೆಲ್ಲಿದ್ದೆ ಕಣೋ" ಅಂದರು.

ಮೆಂತ್ಯದ ನಡುವೆ ಒಂದು ದುಂಡು ಎಲೆ ನೆಲಕ್ಕೆ ಅಂಟಿಕೊಂಡು ಬಿಚ್ಚುತ್ತಿತ್ತು. ಅಮ್ಮ ಸಾರಿಗೆ ಸೊಪ್ಪು ಕೀಳಲು ಮೇಲೆ ಬರುವಷ್ಟರಲ್ಲಿ ಕುಂಡವನ್ನು ನೀರಿನ ಟ್ಯಾಂಕಿನ ಪಕ್ಕದ ಎತ್ತರದ ಕಟ್ಟೆಗೆ ಸಾಗಿಸಿದೆ. ಅದು ಈಗಲೂ ಅಲ್ಲೇ ಇದೆ. ಏಣಿ ಮಾತ್ರ ನನ್ನ ರೂಮಿನಲ್ಲಿದೆ.