ಬೆಳೆಸ್ಕೋ ಅಂದ ಕೂಡಲೇ ಬೆಳೆಯೋಕೆ ಅದೇನು ಉಗುರಾ?

ಇವತ್ತು ಮೀಟಿಂಗಿನಲ್ಲಿ ನಮ್ಮ ತಂಡದ ಹುಡುಗಿಯೊಬ್ಬಳು ಎರಡು ನಿಮಿಷ ಮಾತಾಡಬೇಕಿತ್ತು. ವಿಷಯ ಅವಳದೇ ಕೆಲಸ. ಅದರ ಬಗ್ಗೆ ಅವಳಿಗೆ ಗೊತ್ತಿರುವಷ್ಟು ಅಲ್ಲಿ ಯಾರಿಗೂ ಗೊತ್ತಿಲ್ಲ. ಶುರು ಮಾಡುತ್ತಲೇ ಕೈಯಲ್ಲಿದ್ದ ಹಾಳೆ ನಡುಗತೊಡಗಿತು. ಕಾಣದಿರಲಿ ಅಂತ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡಳು. ಹಾಳೆ ಇನ್ನೂ ಜಾಸ್ತಿ ನಡುಗಿತು. ಮುಗಿದ ಮೇಲೆ ಹಿರಿಯರೊಬ್ಬರು ಎಲ್ಲರೆದುರೇ, "ಚೆನ್ನಾಗಿತ್ತಮ್ಮಾ. ನಿನ್ನ ಮೇಲೆ ನಿನಗೆ ನಂಬಿಕೆ ಬರಬೇಕು ಅಷ್ಟೇ. ಸ್ವಲ್ಪ ಕಾನ್ಫಿಡೆನ್ಸ್ ಬೆಳೆಸ್ಕೋ" ಅಂದರು.

ಮೈ ಉರಿದು ಹೋಯಿತು.

ಅವಳಿಗೆ ತನ್ನ ಕೆಲಸದ ಮೇಲೆ ಅನುಮಾನವೇ ಇರಲಿಲ್ಲ ಸ್ವಾಮಿ. ಇದ್ದ ಅನುಮಾನವೆಲ್ಲ ನಮ್ಮ ಮೇಲೆ, ನಾವು ಅವಳನ್ನು ಅಳೆಯುತ್ತಿದ್ದೇವೇನೋ ಅಂತ. ನಾವು ಅಳೆದೂ ಬಿಟ್ಟೆವಲ್ಲ!

ನನ್ನ ಬಾಯಿ ಎಂಥದ್ದು ಅಂತ ನಿಮಗೆಲ್ಲ ಗೊತ್ತು. ಆದರೆ ಪರಿಚಯ ಹೇಳಿಕೊಳ್ಳುವ ಸುತ್ತು ಶುರುವಾದರೆ, ನನ್ನ ಸರದಿ ಬರುವ ತನಕ ನಾನು ನನ್ನ ಹೆಸರನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತಿರುತ್ತೇನೆ. ಹುಟ್ಟಿದಾಗಿನಿಂದ ಇರುವ ಹೆಸರು! ಪಕ್ಕದವರು ಹೇಳಿದ್ದು ಒಂದಕ್ಷರವೂ ಕಿವಿಗೆ ಬೀಳುವುದಿಲ್ಲ. ಆಮೇಲೆ ಅವರಿಗೆ ನಮ್ಮಂಥವರು 'ಜಂಬದವರು' ಅನ್ನಿಸುತ್ತದೆ. ನಗಬೇಕೋ ಅಳಬೇಕೋ.

ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲೇ ಜನರೆದುರು ಹುಟ್ಟುವ ಈ ಭಯವನ್ನು (ಸೋಶಿಯಲ್ ಆಂಗ್ಸೈಟಿ) ಬಿಡಿಸಿ ಹೇಳಿದ್ದಾರೆ. ಭಯ ಹತ್ತಿದಾಗ ಗಮನ ಎದುರಿನವರನ್ನು ಬಿಟ್ಟು ನಮ್ಮ ಮೇಲೇ ತಿರುಗುತ್ತದೆ. ಒಳಗೆ ಆಗುತ್ತಿರುವುದೆಲ್ಲ ಹೊರಗೂ ಹಾಗೇ ಕಾಣುತ್ತಿದೆ ಅಂದುಕೊಳ್ಳುತ್ತೇವೆ. ಮುಚ್ಚಿಡಲು ಮಾಡುವ ಕಸರತ್ತೇ (ಆ ಮೊಣಕೈ!) ಭಯವನ್ನು ಉಳಿಸುತ್ತದೆ. ಮನೆಗೆ ಬಂದ ಮೇಲೆ ನಡೆದದ್ದರ ಪೋಸ್ಟ್‌ಮಾರ್ಟಂ ಬೇರೆ. ಈ ಪೋಸ್ಟ್‌ಮಾರ್ಟಮ್ಮಿನಲ್ಲಿ ನಾನು ಡಾಕ್ಟರೇಟ್ ಮಾಡಿದ್ದೇನೆ. ಹೆಣವೂ ನಾನೇ, ಡಾಕ್ಟರೂ ನಾನೇ.

ಇನ್ನು ಕೆಲವರು "ಅಯ್ಯೋ, ನಿನ್ನ ಯಾರು ನೋಡ್ತಾರೆ ಬಿಡು" ಅನ್ನುವವರು. ಅವರ ಕೈಗೆ 2000ದಲ್ಲಿ ಪ್ರಕಟವಾದ ಒಂದು ಪ್ರಯೋಗವೂ ಸಿಕ್ಕಿದೆ. ಮುಜುಗರದ ಟೀ ಶರ್ಟ್ ತೊಟ್ಟವರು, ಕೋಣೆಯಲ್ಲಿದ್ದ ಅರ್ಧದಷ್ಟು ಜನ ಗಮನಿಸಿರಬೇಕು ಅಂದುಕೊಂಡಿದ್ದರಂತೆ. ಗಮನಿಸಿದ್ದು ಕಾಲು ಭಾಗ. ಸರಿ, ಆ ಕಾಲು ಭಾಗ ಸಾಲದಾ ನಮಗೆ ರಾತ್ರಿಯೆಲ್ಲ ಎದ್ದು ಕೂರಲು?

ಈ ಭಯ ಇರುವವರಲ್ಲಿ ತಮ್ಮ ಬಗ್ಗೆ ಕೀಳರಿಮೆಯೂ ಜಾಸ್ತಿ ಇರುತ್ತದಲ್ವಾ ಅಂತ ಕೇಳುತ್ತೀರಿ. ಇರುತ್ತದೆ, ಒಪ್ಪಿದೆ. ಆದರೆ ಯಾವುದು ಮೊದಲು ಅಂತ ಕೇಳಿದ್ದೀರಾ? ರಿಂಗ್ ಆಗುವ ಫೋನನ್ನು ಸುಮ್ನೆ ನೋಡುತ್ತಾ ಕೂರುತ್ತೇವೆ. ಗೊತ್ತಿರುವ ಉತ್ತರವನ್ನು ನುಂಗುತ್ತೇವೆ. ಅದನ್ನೇ ಇನ್ನೊಬ್ಬರು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಹೀಗೆ ಹತ್ತು ವರ್ಷ ಕಳೆದ ಮೇಲೆ ಯಾರಿಗೆ ತಾನೇ ತನ್ನ ಮೇಲೆ ಗೌರವ ಉಳಿದೀತು? ಎಷ್ಟೋ ಸಲ ಭಯವೇ ಅದನ್ನು ತಿಂದು ಹಾಕಿರುತ್ತದೆ. ನೀವು ಬಂದು ಖಾಲಿ ತಟ್ಟೆ ತೋರಿಸಿ, "ನೋಡು, ಇದಕ್ಕೇ ನಿನಗೆ ಭಯ" ಅನ್ನುತ್ತೀರಿ.

ಸಂಜೆ ಆ ಹುಡುಗಿಯ ಮೆಸೇಜ್ ಬಂತು: "ಕೈ ನಡುಗಿದ್ದು ಕಾಣಿಸ್ತಿತ್ತಾ?"

'ಇಲ್ಲ' ಅಂತ ಟೈಪ್ ಮಾಡಿ ಅಳಿಸಿದೆ. "ಕಾಣಿಸ್ತಿತ್ತು. ಆದ್ರೆ ನೀನು ಕೊನೆಗೆ ಹೇಳಿದ್ದು ನಂಗೆ ಪೂರ್ತಿ ಅರ್ಥ ಆಗ್ಲಿಲ್ಲ, ನಾಳೆ ಕೂತು ಹೇಳ್ಕೊಡ್ತೀಯಾ?" ಅಂತ ಕಳಿಸಿದೆ.

ನೀಲಿ ಟಿಕ್ ಬಂದು ಒಂದು ಗಂಟೆಯಾಯಿತು. ಉತ್ತರವಿಲ್ಲ. ಬೇಜಾರು ಮಾಡಿಕೊಂಡಳಾ ಅಂತ ಅದನ್ನೇ ಹನ್ನೊಂದನೇ ಸಲ ಓದುತ್ತಿದ್ದೇನೆ.