ಒಬ್ಬರಿಗೊಂದು ವೋಟೋ, ಟೋಕನ್‌ಗೊಂದು ವೋಟೋ?

2022ರ ಏಪ್ರಿಲ್ 17ರಂದು ಬೀನ್‌ಸ್ಟಾಕ್ ಎಂಬ ಕ್ರಿಪ್ಟೋ ಯೋಜನೆಯ ಖಜಾನೆ ಬರಿದಾಯಿತು. ಯಾರೂ ಪಾಸ್‌ವರ್ಡ್ ಕದ್ದಿರಲಿಲ್ಲ. ಠರಾವು ಮಂಡನೆಯಾಯಿತು, ಮತ ಬಿತ್ತು, ಮೂರನೇ ಎರಡರಷ್ಟು ಬಹುಮತ ಸಿಕ್ಕಿತು, ನಿಯಮದ ಪ್ರಕಾರವೇ ಹಣ ಹೊರಗೆ ಹೋಯಿತು. ಯೋಜನೆಗಾದ ನಷ್ಟ ಸುಮಾರು 18.2 ಕೋಟಿ ಡಾಲರ್.

"ಇನ್ನು ಅಧ್ಯಕ್ಷ, ಕಾರ್ಯದರ್ಶಿ, ಅಧಿಕಾರಿ ಯಾರೂ ಬೇಡ, ಕೋಡ್ ಒಂದಿದ್ದರೆ ಸಾಕು" ಎಂಬ ಮಾತು ಕೇಳಿದಾಗೆಲ್ಲ ಈ ಪ್ರಕರಣವನ್ನು ಬಿಡಿಸಿ ನೋಡಬೇಕು. ಇಂಥ ಸಂಘಗಳಿಗೆ ಡಾವೋ ಎನ್ನುತ್ತಾರೆ. ಬೈಲಾ ಎಲ್ಲ, ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇಡುವ ದಾಖಲೆ ಪುಸ್ತಕವಾದ ಬ್ಲಾಕ್‌ಚೈನ್ ಮೇಲಿನ ಕೋಡ್‌ನಲ್ಲಿರುತ್ತದೆ, ಹಣವೂ ಅದೇ ಕೋಡ್‌ನ ಕೈಯಲ್ಲಿರುತ್ತದೆ. ಟೋಕನ್, ಅಂದರೆ ಷೇರಿನಂಥ ಡಿಜಿಟಲ್ ನಾಣ್ಯ, ಇದ್ದವರು ಮತ ಹಾಕುತ್ತಾರೆ. ಠರಾವು ಪಾಸಾದರೆ ಯಾರ ಸಹಿಯೂ ಇಲ್ಲದೆ ತಾನಾಗಿಯೇ ಜಾರಿಯಾಗುತ್ತದೆ.

ಬೀನ್‌ಸ್ಟಾಕ್‌ನಲ್ಲಿ ಒಂದು ತುರ್ತು ನಿಯಮವಿತ್ತು. ಠರಾವು ಮಂಡಿಸಿ 24 ಗಂಟೆ ಕಳೆದಿದ್ದು, ಮೂರನೇ ಎರಡರಷ್ಟು ಮತ ಬಿದ್ದಿದ್ದರೆ ತಕ್ಷಣ ಜಾರಿ. ದಾಳಿಕೋರ ಹಿಂದಿನ ದಿನವೇ ಎರಡು ಠರಾವು ಹಾಕಿಟ್ಟ. ಒಂದು, ಉಕ್ರೇನ್‌ಗೆ 2.5 ಲಕ್ಷ ಡಾಲರ್ ದೇಣಿಗೆ ಕೊಡುವ ಒಳ್ಳೆಯ ಮುಖದ್ದು. ಇನ್ನೊಂದು, ಖಜಾನೆಯನ್ನೇ ತನ್ನ ಕಡೆಗೆ ತಿರುಗಿಸುವಂಥದ್ದು. ಮರುದಿನ ಸುಮಾರು 100 ಕೋಟಿ ಡಾಲರ್ ಫ್ಲ್ಯಾಶ್ ಲೋನ್ ಎತ್ತಿದ. ಈ ಸಾಲಕ್ಕೆ ಅಡಮಾನ ಬೇಕಿಲ್ಲ, ಆದರೆ ಪಡೆದ ವಹಿವಾಟಿನಲ್ಲೇ ತೀರಿಸಬೇಕು. ತೀರದಿದ್ದರೆ ಇಡೀ ವಹಿವಾಟೇ ನಡೆದಿಲ್ಲ ಎಂದಾಗುತ್ತದೆ. ಹಣವನ್ನು ಒಳಗೆ ಠೇವಣಿ ಇಟ್ಟು ಮತ ಗಳಿಸಿ, ಠರಾವು ಪಾಸು ಮಾಡಿಸಿ, ಖಜಾನೆ ಬಳಿದುಕೊಂಡು, ಸಾಲ ತೀರಿಸಿದ. ಎಲ್ಲವೂ ಒಂದೇ ವಹಿವಾಟಿನಲ್ಲಿ. ಅವನ ಪಾಲಿಗೆ ಉಳಿದದ್ದು ಸುಮಾರು 7.6 ಕೋಟಿ ಡಾಲರ್.

ತಪ್ಪು ಇದ್ದದ್ದು ಮತ ಎಣಿಸುವ ಗಳಿಗೆಯಲ್ಲಿ. ಠರಾವು ಬರುವ ಮುಂಚೆ ಯಾರ ಬಳಿ ಎಷ್ಟಿತ್ತು ಎಂದು ನೋಡದೆ, ಆ ಕ್ಷಣಕ್ಕೆ ಎಷ್ಟಿದೆ ಎಂದು ನೋಡಿದರು. ಚುನಾವಣೆಗೆ ಮೊದಲೇ ಮತದಾರರ ಪಟ್ಟಿ ಅಂತಿಮಗೊಳಿಸುವುದು ಏಕೆಂದು ಯಾರಾದರೂ ಕೇಳಿದರೆ ಇದೇ ಉತ್ತರ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಲ್ಲಿಂದ ಇಲ್ಲಿಯವರೆಗೆ ಸಹಕಾರ ಚಳವಳಿಯ ಅಡಿಗಲ್ಲು ಒಂದೇ: ಷೇರು ಒಂದಿರಲಿ ನೂರಿರಲಿ, ಸದಸ್ಯನಿಗೆ ಒಂದೇ ಮತ. ಮಹಾಸಭೆಯ ಬೆಳಿಗ್ಗೆ ಕೋಟಿ ರೂಪಾಯಿ ಸಾಲ ತಂದು ಠೇವಣಿ ಇಟ್ಟರೂ ಮತ ಎರಡಾಗುವುದಿಲ್ಲ. ಡಾವೋಗಳು ಇದನ್ನೇ ಅನುಸರಿಸಬಾರದೇ? ಕಷ್ಟ. ಬ್ಲಾಕ್‌ಚೈನ್‌ಗೆ ಮನುಷ್ಯರು ಕಾಣುವುದಿಲ್ಲ, ಖಾತೆ ಸಂಖ್ಯೆಯಂಥ ವಿಳಾಸಗಳಷ್ಟೇ ಕಾಣುತ್ತವೆ. ಒಬ್ಬನೇ ಕೂತು ಸಾವಿರ ವಿಳಾಸ ಸೃಷ್ಟಿಸಬಹುದು, ಖರ್ಚಿಲ್ಲ. ಅದಕ್ಕೇ ತಲೆ ಎಣಿಸುವ ಬದಲು ಟೋಕನ್ ಎಣಿಸುತ್ತಾರೆ. ಮತಬಲವನ್ನು ಟೋಕನ್‌ಗಳ ವರ್ಗಮೂಲಕ್ಕೆ ಇಳಿಸುವ ಉಪಾಯವೂ ಇದೆ. 100 ಟೋಕನ್ ಇದ್ದವನಿಗೆ 10 ಮತ. ಆದರೆ ಅವನೇ ಅದನ್ನು 100 ವಿಳಾಸಗಳಿಗೆ ಹಂಚಿಬಿಟ್ಟರೆ ಮತ್ತೆ 100 ಮತ! ಇದನ್ನು ತಡೆಯಲು ಗುರುತಿನ ಚೀಟಿ ಬೇಕು, ಚೀಟಿ ಕೊಡಲು ಒಂದು ಪ್ರಾಧಿಕಾರ ಬೇಕು. ಯಾವ ಕೇಂದ್ರ ಬೇಡ ಎಂದು ಹೊರಟರೋ ಅಲ್ಲಿಗೇ ಬಂದು ನಿಲ್ಲುತ್ತಾರೆ.

ಹಾಗಾದರೆ ಕಾಯುವ ಅವಧಿ ಹೆಚ್ಚಿಸಿದರೆ ಸರಿಹೋಗುತ್ತದೆಯೇ? ಕಾಂಪೌಂಡ್ ಎಂಬ ಡಾವೋದಲ್ಲಿ ಹಾಗೇ ಮಾಡಿದ್ದರು. ಠರಾವು ಮಂಡಿಸಲು ಸಾವಿರಾರು ಕಾಂಪ್ ಟೋಕನ್ ಬೆಂಬಲ ಬೇಕಿತ್ತು. ಸುಮಾರು ಎರಡು ದಿನ ಪರಿಶೀಲನೆ, ಮೂರು ದಿನ ಮತದಾನ, ಪಾಸಾದ ಮೇಲೆ ಎರಡು ದಿನ ತಡೆ. ಕೋರಂ 4 ಲಕ್ಷ ಟೋಕನ್. ಕಾಗದದ ಮೇಲೆ ಅಚ್ಚುಕಟ್ಟು. ಆದರೆ 2021ರ ಸೆಪ್ಟೆಂಬರ್ ಕೊನೆಯಲ್ಲಿ 62ನೇ ಠರಾವಿನ ಕೋಡ್‌ನಲ್ಲಿ ದೋಷವಿದ್ದು, ಬಳಕೆದಾರರಿಗೆ ಲೆಕ್ಕಕ್ಕಿಂತ ವಿಪರೀತ ಟೋಕನ್ ಹಂಚಿಕೆಯಾಗತೊಡಗಿತು. ಸುಮಾರು 2,80,000 ಕಾಂಪ್, ಆಗಿನ ಬೆಲೆಗೆ 8 ಕೋಟಿ ಡಾಲರ್, ಅಪಾಯದಲ್ಲಿತ್ತು. ದೋಷ ಎಲ್ಲರಿಗೂ ಕಾಣುತ್ತಿತ್ತು, ತಿದ್ದುವವರೂ ಇದ್ದರು. ಆದರೆ ತಿದ್ದುಪಡಿಯೂ ಅದೇ ಏಳು ದಿನದ ದಾರಿ ಹಿಡಿದೇ ಬರಬೇಕಿತ್ತು.

ಅದೇ ಕಾಂಪೌಂಡ್‌ನಲ್ಲಿ 2024ರ ಜುಲೈ 28ರಂದು 289ನೇ ಠರಾವು ಪಾಸಾಯಿತು. ಖಜಾನೆಯಿಂದ 4,99,000 ಕಾಂಪ್, ಅಂದರೆ ಸುಮಾರು 2.4 ಕೋಟಿ ಡಾಲರ್, ಒಂದು ಗುಂಪು ತಾನೇ ಕಟ್ಟಿದ ಹೂಡಿಕೆ ವ್ಯವಸ್ಥೆಗೆ ಹೋಗಬೇಕೆಂಬುದು ಠರಾವು. ಪರ 6,82,191, ವಿರುದ್ಧ 6,33,636. ಒಟ್ಟು ಟೋಕನ್ ಒಂದು ಕೋಟಿ. ನೂರಕ್ಕೆ ಏಳರಷ್ಟೂ ಇಲ್ಲದ ಮತ ಖಜಾನೆಯ ಬಾಗಿಲು ತೆರೆಯಿತು. ಜಾರಿಯಾಗುವ ಮೊದಲೇ ಮಾತುಕತೆ ನಡೆದು ಠರಾವು ರದ್ದಾಯಿತು. 2021ರಲ್ಲಿ ಕೈ ಕಟ್ಟಿಹಾಕಿದ ಎರಡು ದಿನದ ತಡೆಯೇ ಈ ಸಲ ಅವಕಾಶ ಕೊಟ್ಟಿತು.

ಎಲ್ಲಕ್ಕಿಂತ ಕಳವಳ ಹುಟ್ಟಿಸುವುದು ಕ್ರಿಪ್ಟೋ ಹಣದ ಜಾಡು ಮರೆಸುವ ಸೇವೆಯಾದ ಟಾರ್ನೇಡೋ ಕ್ಯಾಶ್‌ನ ಡಾವೋ ಪ್ರಕರಣ, 2023ರ ಮೇ. ಹಿಂದೆ ಪಾಸಾಗಿದ್ದ ಠರಾವಿನಂಥದ್ದೇ ಎಂದು ಹೇಳಿ ಒಬ್ಬ ಹೊಸ ಠರಾವು ತಂದ. ಮತದಾರರು ಒಪ್ಪಿದರು. ಆಮೇಲೆ ಆ ಕೋಡ್ ತನ್ನನ್ನು ತಾನೇ ಅಳಿಸಿಕೊಂಡು, ಅದೇ ವಿಳಾಸದಲ್ಲಿ ಬೇರೆ ಕೋಡ್ ಬಂದು ಕೂತಿತು. ಅದು ದಾಳಿಕೋರನಿಗೆ 12 ಲಕ್ಷ ಮತ ಕೊಟ್ಟಿತು, ನಿಜವಾದ ಮತಗಳಿದ್ದದ್ದು ಸುಮಾರು 7 ಲಕ್ಷ. ನಡಾವಳಿ ಪುಸ್ತಕದಲ್ಲಿ ಎಲ್ಲರೂ ಸಹಿ ಹಾಕಿದ ಮೇಲೆ ಹಾಳೆ ಬದಲಾಯಿಸಿದ ಹಾಗೆ. ಕೋಡ್ ಎಲ್ಲರಿಗೂ ತೆರೆದೇ ಇರುತ್ತದೆ ನಿಜ, ಆದರೆ ಓದಬಲ್ಲವರು ಎಷ್ಟು ಜನ?

ನಮ್ಮ ಹಳೆಯ ವ್ಯವಸ್ಥೆಗಳು ನಿರ್ಮಲವಾಗಿವೆ ಎಂದು ನಾನು ಹೇಳುತ್ತಿಲ್ಲ. ಸಹಕಾರ ಬ್ಯಾಂಕುಗಳಲ್ಲಿ ವರ್ಷಗಟ್ಟಲೆ ಸುಳ್ಳು ಲೆಕ್ಕ ನಡೆದು, ನಿವೃತ್ತರ ಉಳಿತಾಯ ಸಿಕ್ಕಿಬಿದ್ದದ್ದನ್ನು ಕಂಡಿದ್ದೇವೆ. ಡಾವೋ ಖಜಾನೆಯಿಂದ ಒಂದು ಪೈಸೆ ಹೊರಟರೂ ಅದೇ ನಿಮಿಷ ಜಗತ್ತಿಗೇ ಕಾಣುತ್ತದೆ. ಇದು ದೊಡ್ಡ ಗುಣ. ಆದರೆ ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ 5 ಲಕ್ಷ ರೂಪಾಯಿವರೆಗೆ ಬರುತ್ತದೆ, ದೂರು ಕೊಡಲು ಸಹಕಾರ ಸಂಘಗಳ ನಿಬಂಧಕರಿದ್ದಾರೆ. ಡಾವೋ ಮುಳುಗಿದರೆ ಯಾರ ಬಾಗಿಲು ತಟ್ಟುವುದು?

ಹೊಣೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಊಕಿ ಡಾವೋ ಮೇಲೆ ಅಮೆರಿಕದ ನಿಯಂತ್ರಕರು 2022ರಲ್ಲಿ ದಾವೆ ಹೂಡಿದರು. ವಿಳಾಸವಿಲ್ಲದ ಸಂಘಕ್ಕೆ ಅದರ ಜಾಲತಾಣದ ಚಾಟ್ ಪೆಟ್ಟಿಗೆಯಲ್ಲೇ ನೋಟಿಸು ಹಾಕಿದರು. ಯಾರೂ ಹಾಜರಾಗಲಿಲ್ಲ. 2023ರ ಜೂನ್‌ನಲ್ಲಿ 6,43,542 ಡಾಲರ್ ದಂಡ ಬಿತ್ತು. ಮತ ಹಾಕಿದ ಟೋಕನ್‌ದಾರರೇ ಆ ಸಂಘದ ಸದಸ್ಯರು ಎಂಬುದು ನಿಯಂತ್ರಕರ ವಾದವಾಗಿತ್ತು. ನಮ್ಮಲ್ಲಿ ಡಾವೋಗೆಂದೇ ಪ್ರತ್ಯೇಕ ಕಾನೂನಿಲ್ಲ, ಟೋಕನ್ ಲಾಭದ ಮೇಲೆ ಶೇ 30 ತೆರಿಗೆಯಂತೂ ಇದೆ.

ಆದ್ದರಿಂದ ಡಾವೋಗೆ ಹಣ ಹಾಕುವ ಮುಂಚೆ ಇಷ್ಟನ್ನಾದರೂ ನೋಡಿ. ಅತಿ ಹೆಚ್ಚು ಟೋಕನ್ ಇರುವ ಹತ್ತು ವಿಳಾಸಗಳು ಸೇರಿದರೆ ಕೋರಂ ಆಗುತ್ತದೆಯೇ? ಮತ ಎಣಿಕೆ ಯಾವ ಹೊತ್ತಿನ ಲೆಕ್ಕದ್ದು? ಪಾಸಾದ ಮೇಲೆ ಎಷ್ಟು ದಿನ ತಡೆ? ತುರ್ತು ಕೀಲಿಗಳು, ಅಂದರೆ ಹಣ ಸರಿಸಲು ಒಪ್ಪಿಗೆ ಕೊಡುವ ಡಿಜಿಟಲ್ ಸಹಿಗಳು, ಎಷ್ಟು, ಅವು ನಿಜಕ್ಕೂ ಬೇರೆ ಬೇರೆ ಕೈಯಲ್ಲಿವೆಯೇ? 2022ರ ಮಾರ್ಚ್‌ನಲ್ಲಿ ರೋನಿನ್ ಎಂಬ ಜಾಲದಿಂದ 1,73,600 ಈಥರ್ ಎಂಬ ಕ್ರಿಪ್ಟೋ ನಾಣ್ಯ ಕದ್ದರು. ಅಲ್ಲಿ ಒಂಬತ್ತರಲ್ಲಿ ಐದು ಕೀಲಿ ಒಪ್ಪಿದರೆ ಸಾಕಿತ್ತು. ನಾಲ್ಕು ಒಂದೇ ಕಂಪನಿಯ ಬಳಿಯಿದ್ದವು. ಐದನೆಯದು ಒಂದು ಡಾವೋದ್ದು. ಕೆಲಸದ ಒತ್ತಡವಿದೆಯೆಂದು ಆ ಕಂಪನಿಗೇ ತಾತ್ಕಾಲಿಕ ಅನುಮತಿ ಕೊಟ್ಟಿದ್ದರು, ಒತ್ತಡ ಇಳಿದ ಮೇಲೆ ಅದನ್ನು ವಾಪಸ್ ಪಡೆಯಲಿಲ್ಲ. ಹಣ ಹೋದದ್ದು ಗೊತ್ತಾದದ್ದು ಆರು ದಿನದ ನಂತರ.