ಮಾರದೆ ಇದ್ದದ್ದು ತಪ್ಪಲ್ಲ, ಕೊಂಡದ್ದು ತಪ್ಪು

ಅಮೆರಿಕದ ಬೇಸ್‌ಬಾಲ್ ತಂಡ ಏಂಜಲ್ಸ್, ಆ ಸೀಸನ್‌ಗೇ ಒಪ್ಪಂದ ಮುಗಿಯುತ್ತಿದ್ದ ತಾರೆ ಒಹ್ತಾನಿಯನ್ನು 2023ರ ಟ್ರೇಡ್ ಗಡುವಿನೊಳಗೆ (ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಇರುವ ಕೊನೆಯ ದಿನ) ಬೇರೆ ತಂಡಕ್ಕೆ ಬಿಟ್ಟುಕೊಡಬೇಕಿತ್ತು ಅಂತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಈಗ ಹೇಳೋದು ಸುಲಭ. ಜುಲೈ ಕೊನೆಯಲ್ಲಿ ತಂಡ ಚೆನ್ನಾಗಿಯೇ ಆಡುತ್ತಿತ್ತು. 2014ರ ನಂತರ ಪ್ಲೇಆಫ್ ಮುಖವನ್ನೇ ನೋಡದ ಅಭಿಮಾನಿಗಳಿಗೆ ಆಸೆ ಇರುತ್ತೆ ಅಲ್ವಾ? ಒಹ್ತಾನಿಯನ್ನು ಉಳಿಸಿಕೊಂಡಿದ್ದಕ್ಕೆ ನನ್ನ ತಕರಾರಿಲ್ಲ. ಬೇರೆ ಆಟಗಾರರನ್ನು ಕೊಳ್ಳೋಕೆ ಹೋಗಿದ್ದೇ ಎಡವಟ್ಟು. ಹಾಗೆ ತಂದ ಪಿಚರ್‌ಗಳು (ಚೆಂಡು ಎಸೆಯುವವರು) ಜಿಯೊಲಿಟೊ, ಲೋಪೆಜ್. ಇಬ್ಬರ ಒಪ್ಪಂದವೂ ಆ ಸೀಸನ್‌ಗೇ ಮುಗಿಯುತ್ತಿತ್ತು. ಅವರಿಗಾಗಿ ಎಡ್ಗರ್ ಕ್ವೆರೊನಂಥ ಎಳೆಯ ಕ್ಯಾಚರ್‌ನನ್ನು (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಸುಮ್ನೆ ಕೊಟ್ಟುಬಿಟ್ಟರು. ಆಗಸ್ಟ್ ಶುರುವಿನಲ್ಲೇ ತವರಿನಲ್ಲಿ ಸಿಯಾಟಲ್ ಎದುರು ಸತತ ನಾಲ್ಕು ಸೋಲು. ತಿಂಗಳ ಕೊನೆಗೆ ಅದೇ ಇಬ್ಬರು ಪಿಚರ್‌ಗಳನ್ನೂ ವೇವರ್ಸ್‌ಗೆ ಹಾಕಿದರು, ಅಂದರೆ ಬೇಕಾದ ತಂಡ ಎತ್ತಿಕೊಳ್ಳಲಿ ಅಂತ ಬಿಟ್ಟರು. ಕ್ಲೀವ್‌ಲ್ಯಾಂಡ್ ಯಾವ ಆಟಗಾರನನ್ನೂ ಕೊಡದೆ ಎತ್ತಿಕೊಂಡು ಹೋಯಿತು! ಡಿಸೆಂಬರ್‌ನಲ್ಲಿ ಒಹ್ತಾನಿ 70 ಕೋಟಿ ಡಾಲರ್‌ಗೆ ಡಾಜರ್ಸ್ ಸೇರಿದರು. ಅದೂ ಪಕ್ಕದ ಊರಿನ ತಂಡ.